ಫೈಬರ್ ಪೋರ್ಟಿನ ಹಸಿರು ದೀಪ ಉರಿದರೆ ನೆಟ್ ಬಂದಂತೆಯೇ?

"ಸರ್ವರ್ ಡೌನ್ ಐತ್ರಿ, ನಾಳಿಗೆ ಬರ್ರಿ." ಪಹಣಿ ತೆಗೆಸಲು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಲು, ಪಡಿತರಕ್ಕೆ ಬೆರಳು ಒತ್ತಲು ಹೋದವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತಿದು. ಕುಷ್ಟಗಿ ಅಥವಾ ಯಲಬುರ್ಗಾ ತಾಲ್ಲೂಕಿನ ಒಳಹಳ್ಳಿಯಿಂದ ಬಂದವರಿಗೆ ಈ ಮಾತಿನ ಬೆಲೆ ಒಂದು ದಿನದ ಕೂಲಿ, ಮೇಲೆ ಹೋಗಿ ಬರುವ ಖರ್ಚು.

ಕೆಲವೊಮ್ಮೆ ನಿಜಕ್ಕೂ ಸರ್ವರೇ ನಿಂತಿರುತ್ತದೆ. ಆದರೆ ಕೌಂಟರಿನ ಕಂಪ್ಯೂಟರಿಗೂ ದೂರದ ಸರ್ವರಿಗೂ ನಡುವೆ ಕೆಡಬಹುದಾದ ಜಾಗಗಳು ಹತ್ತಾರಿವೆ. ಅವುಗಳಲ್ಲಿ ಒಂದು ಬೆರಳಿನಗಲದ ಕಿಂಡಿ: ನೆಟ್‌ವರ್ಕ್ ಸ್ವಿಚ್‌ನಲ್ಲಿ ಫೈಬರ್ ಸಿಕ್ಕಿಸುವ ಪೋರ್ಟ್.

"ಫೈಬರ್ ಸಿಕ್ಕಿಸಿದರೆ ಆಯ್ತು, ಹಸಿರು ದೀಪ ಹತ್ತಿದರೆ ನೆಟ್ ಬಂತು" ಎಂದು ಬಹಳ ಜನ ನಂಬಿದ್ದಾರೆ. ಇದು ಅರ್ಧ ಮಾತ್ರ ನಿಜ. ಈ ಅರ್ಧ ನಿಜದಿಂದಾಗಿ ಚೆನ್ನಾಗಿರುವ ಸ್ವಿಚ್ ಬದಲಾಗುತ್ತದೆ, ಚೆನ್ನಾಗಿರುವ ಕೇಬಲ್ ಮತ್ತೆ ಅಗೆಯಲಾಗುತ್ತದೆ, ದುಡ್ಡು ಹೋಗುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾದರೆ ಆ ದೀಪ ನಿಜವಾಗಿ ಏನು ಹೇಳುತ್ತದೆ? ಬನ್ನಿ, ತಿಳಿಯೋಣ.

ಹಳ್ಳಿಗೆ ಫೈಬರ್ ಬಂದದ್ದು ಹೇಗೆ?

ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಅದರ ಹೆಸರು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ. 2015ರಲ್ಲಿ ಅದೇ ಯೋಜನೆ ಭಾರತ್‌ನೆಟ್ ಆಯಿತು.

ಮೊದಲ ಹಂತದ ರಚನೆ ಮರದ ಕೊಂಬೆಯಂತಿತ್ತು. ತಾಲ್ಲೂಕು ಕೇಂದ್ರದಿಂದ ಒಂದು ಎಳೆ ಹೊರಟು, ಕವಲೊಡೆದು ಪಂಚಾಯಿತಿ ಮುಟ್ಟುತ್ತಿತ್ತು. ಕೊಂಬೆ ಮುರಿದರೆ ಎಲೆ ಒಣಗುವಂತೆ, ರಸ್ತೆ ಅಗಲೀಕರಣಕ್ಕೋ ಕುಡಿಯುವ ನೀರಿನ ಪೈಪಿಗೋ ಜೆಸಿಬಿ ಒಂದು ಕಡೆ ಅಗೆದರೆ ಮುಂದಿನ ಊರುಗಳೆಲ್ಲ ಕತ್ತಲೆ. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿ ವೆಚ್ಚದ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದರ ಮುಖ್ಯ ಬದಲಾವಣೆ ಉಂಗುರ ರಚನೆ. ಪಂಚಾಯಿತಿಗಳನ್ನು ಬಳೆಯಂತೆ ಸುತ್ತಿ ಜೋಡಿಸಿದರೆ, ಒಂದು ಕಡೆ ತುಂಡಾದಾಗ ಮಾಹಿತಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ.

ಉಂಗುರ ಒಳ್ಳೆಯದೇ. ಆದರೆ ಉಂಗುರದ ಪ್ರತಿ ಊರಿನಲ್ಲೂ ಕನಿಷ್ಠ ಎರಡು ಫೈಬರ್ ಪೋರ್ಟ್ ಇರಬೇಕು: ಒಂದು ಹಿಂದಿನ ಊರಿಗೆ, ಒಂದು ಮುಂದಿನ ಊರಿಗೆ. ಅಂದರೆ ಸರಿಯಾಗಿ ಸೆಟ್ ಮಾಡಬೇಕಾದ ಪೋರ್ಟ್‌ಗಳ ಸಂಖ್ಯೆಯೂ ಹೆಚ್ಚಿತು.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಮೊದಲು ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು. ಈಗ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳು. ಫೈಬರ್ ಇಲ್ಲಿ ಸರ್ಕಾರಿ ಕಚೇರಿಗೆ ಮಾತ್ರ ಸೇರಿದ್ದಲ್ಲ. ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಲ್ಲಿ ಗೇಟಿನ ವೇ ಬ್ರಿಡ್ಜ್‌ನಿಂದ ಆಫೀಸಿಗೆ, ಗೋಡೌನ್ ಕ್ಯಾಮೆರಾದಿಂದ ರೆಕಾರ್ಡರಿಗೆ ಎಳೆಯುವ ಲೈನಿಗೂ ಫೈಬರ್ ಬೇಕಾಗುತ್ತದೆ. ಗಾಳಿ ವಿದ್ಯುತ್ ಗೋಪುರಗಳನ್ನು ನಿಯಂತ್ರಣ ಕೊಠಡಿಗೆ ಜೋಡಿಸುವುದೂ ಸಾಮಾನ್ಯವಾಗಿ ಫೈಬರೇ.

ತಾಮ್ರದ ವೈರ್ ಇರುವಾಗ ಫೈಬರ್ ಯಾಕೆ?

ಕಂಪ್ಯೂಟರಿಗೆ ಸಿಕ್ಕಿಸುವ ಮಾಮೂಲಿ ಲ್ಯಾನ್ ಕೇಬಲ್ ತಾಮ್ರದ್ದು. ಅದರ ಮಿತಿ 100 ಮೀಟರ್. ಆಚೆಗೆ ಎಳೆದರೆ ಸಂಕೇತ ಕುಗ್ಗುತ್ತದೆ, ನೆಟ್ ಬಂದು ಹೋಗಿ ಮಾಡುತ್ತದೆ. ಮಿಲ್ಲಿನ ಗೇಟಿನಿಂದ ಆಫೀಸಿಗೆ 150 ಮೀಟರ್ ಇದ್ದರೆ ಅಲ್ಲಿಗೇ ತೊಂದರೆ ಶುರು. ಜೊತೆಗೆ ದೊಡ್ಡ ಮೋಟಾರು ಚಾಲೂ ಆದಾಗ ಹುಟ್ಟುವ ವಿದ್ಯುತ್ ಗದ್ದಲ, ಎರಡು ಕಟ್ಟಡಗಳ ಅರ್ಥಿಂಗ್ ವ್ಯತ್ಯಾಸ ತಾಮ್ರದ ವೈರಿನಲ್ಲಿ ಹರಿಯುತ್ತವೆ.

ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಹೋಗುವುದು ಬೆಳಕು. ಗಾಜಿನಲ್ಲಿ ವಿದ್ಯುತ್ ಹರಿಯದ ಕಾರಣ ಮೋಟಾರಿನ ಗದ್ದಲ ಅದಕ್ಕೆ ತಾಗದು. ಬೆಳಕು ಗಾಜಿನೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ ಓಡುತ್ತದೆ.

ಗಾಜಿನಲ್ಲಿ ಬೆಳಕು ದೂರ ಹೋಗಬಲ್ಲದು ಎಂಬುದು ಒಂದು ಕಾಲಕ್ಕೆ ನಂಬಲಾಗದ ಮಾತಾಗಿತ್ತು. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಎಂಬ ವಿಜ್ಞಾನಿಗಳು, ದೋಷ ಗಾಜಿನದಲ್ಲ, ಅದರಲ್ಲಿ ಬೆರೆತ ಕಲ್ಮಶದ್ದು ಎಂದು ತೋರಿಸಿದರು. ಒಂದು ಕಿ.ಮೀ. ಸಾಗಿದ ಮೇಲೆ ಬೆಳಕಿನ ನೂರರಲ್ಲೊಂದು ಪಾಲು ಉಳಿದರೂ ಸಾಕು, ಕೆಲಸಕ್ಕೆ ಬರುತ್ತದೆ ಎಂದರು. ಅಮೆರಿಕದ ಕಾರ್ನಿಂಗ್ ಕಂಪನಿ 1970ರಲ್ಲಿ ಆ ಗುರಿ ಮುಟ್ಟಿತು. ಇಂದಿನ ಒಳ್ಳೆಯ ಫೈಬರಿನಲ್ಲಿ ಅಷ್ಟು ಬೆಳಕು ನಷ್ಟವಾಗಲು ಸುಮಾರು 100 ಕಿ.ಮೀ. ಬೇಕು. ಕಾವ್ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಸ್ವಿಚ್ ಎಂದರೇನು? ಎಸ್‌ಎಫ್‌ಪಿ ಎಂದರೇನು?

ಕಾಲುವೆಯ ನೀರು ತೂಬಿನಿಂದ ತೂಬಿಗೆ ಹಂಚಿಕೆಯಾಗುವುದನ್ನು ತುಂಗಭದ್ರಾ ಎಡದಂಡೆಯ ರೈತರಿಗೆ ವಿವರಿಸಬೇಕಿಲ್ಲ. ನೆಟ್‌ವರ್ಕ್ ಸ್ವಿಚ್ ಕೂಡ ಹಂಚುವ ಜಾಗವೇ. ಬಂದ ಮಾಹಿತಿ ಯಾರದ್ದು ಎಂದು ವಿಳಾಸ ನೋಡಿ, ಆ ಪೋರ್ಟಿಗೆ ಮಾತ್ರ ಬಿಡುತ್ತದೆ.

ಸ್ವಿಚ್‌ನಲ್ಲಿ ಸಾಲಾಗಿ ಇರುವ ಚೌಕ ಕಿಂಡಿಗಳು ತಾಮ್ರದ ವೈರಿಗೆ. ಪಕ್ಕದಲ್ಲಿ ಲೋಹದ ಚೌಕಟ್ಟಿನ ಎರಡೋ ನಾಲ್ಕೋ ಖಾಲಿ ಕಿಂಡಿ ಇರುತ್ತವೆ. ಅವು ಎಸ್‌ಎಫ್‌ಪಿ ಕಿಂಡಿಗಳು. ಅಲ್ಲಿ ಫೈಬರನ್ನು ನೇರ ಸಿಕ್ಕಿಸಲಾಗದು. ಮೊದಲು ಬೆರಳುದ್ದದ ಒಂದು ಮಾಡ್ಯೂಲ್ ಕೂರಿಸಬೇಕು. ಅದರೊಳಗೆ ಬೆಳಕು ಬಿಡುವ ಲೇಸರ್ ಒಂದು, ಬಂದ ಬೆಳಕನ್ನು ಹಿಡಿಯುವ ಕಣ್ಣು ಒಂದು. ಈ ಪುಟ್ಟ ಮಾಡ್ಯೂಲೇ ವಿದ್ಯುತ್ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ವಿದ್ಯುತ್ತಾಗಿ ಬದಲಿಸುವುದು.

ಮುಖ್ಯ ಸಂಗತಿ ಇಲ್ಲಿದೆ. ಫೈಬರ್ ಲಿಂಕ್ ಎಂದರೆ ಎರಡು ತುದಿಗಳ ನಡುವಿನ ಒಪ್ಪಂದ. ಈ ತುದಿಯವರು ಒಂದು ಬಣ್ಣದ ಬೆಳಕಿನಲ್ಲಿ, ಒಂದು ವೇಗದಲ್ಲಿ ಮಾತಾಡುತ್ತಿದ್ದರೆ ಆ ತುದಿಯವರಿಗೂ ಅದೇ ಅರ್ಥವಾಗಬೇಕು. ಒಂದೇ ತುದಿ ನೋಡಿ "ನಮ್ಮ ಕಡೆ ಎಲ್ಲ ಸರಿ ಇದೆ" ಎನ್ನುವುದು ಒಂದು ಕೈಯಿಂದ ಚಪ್ಪಾಳೆ ತಟ್ಟಿದಂತೆ.

ಎರಡೂ ತುದಿಯಲ್ಲಿ ಏನೇನು ಹೊಂದಬೇಕು?

ಮೊದಲನೆಯದು ಎಳೆಯ ಜಾತಿ. ಫೈಬರಿನಲ್ಲಿ ಮುಖ್ಯವಾಗಿ ಎರಡು ವಿಧ. ಸಿಂಗಲ್ ಮೋಡ್ ಎಳೆಯಲ್ಲಿ ಬೆಳಕು ಹೋಗುವ ದಾರಿ ಸುಮಾರು 9 ಮೈಕ್ರಾನ್ ಅಗಲ. ಮಲ್ಟಿಮೋಡ್‌ನಲ್ಲಿ 50 ಅಥವಾ 62.5 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಊರಿಂದೂರಿಗೆ ಹೋಗುವುದು ಸಿಂಗಲ್ ಮೋಡ್. ಒಂದೇ ಆವರಣದ ಒಳಗೆ ಕೆಲವರು ಮಲ್ಟಿಮೋಡ್ ಹಾಕುತ್ತಾರೆ. ಗಿಡ್ಡ ವೈರಿನ ಬಣ್ಣದಿಂದ ಅಂದಾಜು ಮಾಡಬಹುದು: ಹಳದಿ ಸಾಮಾನ್ಯವಾಗಿ ಸಿಂಗಲ್ ಮೋಡ್, ಕಿತ್ತಳೆ ಅಥವಾ ತಿಳಿ ನೀಲಿ–ಹಸಿರು ಮಲ್ಟಿಮೋಡ್. ಮಲ್ಟಿಮೋಡ್ ಮಾಡ್ಯೂಲನ್ನು ಸಿಂಗಲ್ ಮೋಡ್ ಎಳೆಗೆ ಹಾಕಿದರೆ, ಅಗಲ ಕೊಳವೆಯ ನೀರನ್ನು ಸೂಜಿ ತೂತಿಗೆ ಸುರಿದಂತೆ; ಹೆಚ್ಚಿನ ಬೆಳಕು ಹೊರಗೇ ಉಳಿಯುತ್ತದೆ.

ಎರಡನೆಯದು ಬೆಳಕಿನ ತರಂಗ. ಮಲ್ಟಿಮೋಡ್ ಮಾಡ್ಯೂಲ್ ಸಾಮಾನ್ಯವಾಗಿ 850 ನ್ಯಾನೋಮೀಟರ್ ಬೆಳಕು ಬಿಡುತ್ತದೆ. ಸಿಂಗಲ್ ಮೋಡ್‌ನವು 1310 ಅಥವಾ 1550. ಒಂದೇ ಎಳೆಯಲ್ಲಿ ಹೋಗುವ, ಬರುವ ಎರಡೂ ಕೆಲಸ ಮಾಡುವ ಮಾಡ್ಯೂಲ್‌ಗಳೂ ಇವೆ. ಇವನ್ನು ಬೈಡೈ ಎನ್ನುತ್ತಾರೆ. ಇವು ಗಂಡು–ಹೆಣ್ಣು ಕೊಂಡಿಯಂತೆ ಜೋಡಿಯಾಗಿಯೇ ಬೇಕು. ಈ ತುದಿ 1310ರಲ್ಲಿ ಕಳಿಸಿ 1550ರಲ್ಲಿ ಕೇಳಿದರೆ, ಆ ತುದಿ 1550ರಲ್ಲಿ ಕಳಿಸಿ 1310ರಲ್ಲಿ ಕೇಳಬೇಕು. ಎರಡೂ ಕಡೆ ಒಂದೇ ನಮೂನೆಯದನ್ನು ಕೊಂಡು ತಂದರೆ ಎರಡೂ ಹೊಸದಾದರೂ ಲಿಂಕ್ ಬರುವುದಿಲ್ಲ.

ಮೂರನೆಯದು ಎಳೆಗಳ ಅದಲುಬದಲು. ಎರಡು ಎಳೆಯ ಲಿಂಕಿನಲ್ಲಿ ಇಲ್ಲಿ ಕಳಿಸುವ ಎಳೆ ಅಲ್ಲಿ ಕೇಳುವ ಕಿಂಡಿಗೆ ಹೋಗಬೇಕು. ಎರಡೂ ಕಡೆ ಕಳಿಸುವುದಕ್ಕೆ ಕಳಿಸುವುದೇ ಸೇರಿದರೆ, ಇಬ್ಬರೂ ಮಾತಾಡುತ್ತಾರೆ, ಕೇಳುವವರು ಯಾರೂ ಇಲ್ಲ. ದೀಪ ಹತ್ತದಿದ್ದಾಗ ಒಂದು ತುದಿಯಲ್ಲಿ ಎರಡು ಪಿನ್ ಅದಲುಬದಲು ಮಾಡಿ ನೋಡುವುದು ಟೆಕ್ನಿಷಿಯನ್‌ಗಳ ಮೊದಲ ಪರೀಕ್ಷೆ.

ನಾಲ್ಕನೆಯದು ಪಿನ್ನಿನ ಮೂತಿ. ನೀಲಿ ಬಣ್ಣದ ಪಿನ್ನಿನ ಮೂತಿ ನೇರ, ಹಸಿರು ಬಣ್ಣದ್ದು ಓರೆ. ಇವೆರಡನ್ನು ಎದುರುಬದುರು ಒತ್ತಿದರೆ ನಡುವೆ ಸಂದು ಉಳಿಯುತ್ತದೆ, ಮೂತಿಗೂ ಪೆಟ್ಟು.

ಪೋರ್ಟ್ ಸೆಟ್ ಮಾಡುವುದು ಎಂದರೆ ಏನು?

ವೈರು, ಮಾಡ್ಯೂಲು ಸರಿ ಇದ್ದ ಮೇಲೂ ಸ್ವಿಚ್‌ನ ಒಳಗಿನ ಸೆಟಿಂಗ್ ಬಾಕಿ ಇರುತ್ತದೆ. ತೊಂದರೆ ಹೆಚ್ಚಾಗಿ ಅಡಗಿ ಕೂರುವುದು ಇಲ್ಲೇ, ಏಕೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ.

ವೇಗ: ತಾಮ್ರದ ಪೋರ್ಟ್‌ಗಳು 10, 100, 1000 ಎಂಬ ವೇಗಗಳಲ್ಲಿ ಯಾವುದಕ್ಕೆ ಎರಡೂ ಒಗ್ಗುತ್ತವೆ ಎಂದು ತಾವೇ ಮಾತಾಡಿಕೊಳ್ಳುತ್ತವೆ. ಫೈಬರಿನಲ್ಲಿ ಹಾಗಿಲ್ಲ. 1 ಗಿಗಾಬಿಟ್ ಫೈಬರಿನಲ್ಲಿ ಆಟೋ ಸೆಟಿಂಗ್ ಇದ್ದರೂ ಅದು ವೇಗದ ಮಾತುಕತೆ ಮಾಡುವುದಿಲ್ಲ. ಮಾಮೂಲಿ 10 ಗಿಗಾಬಿಟ್ ಫೈಬರ್ ಲಿಂಕಿನಲ್ಲಿ ಆ ಮಾತುಕತೆಯೇ ಇಲ್ಲ. ಒಂದು ಕಡೆ 1, ಇನ್ನೊಂದು ಕಡೆ 10 ಗಿಗಾಬಿಟ್ ಇದ್ದರೆ ಎರಡೂ ಕೈಕೊಟ್ಟು ಕೂರುತ್ತವೆ.

ಇಲ್ಲಿಯೇ ಒಂದು ವಿಚಿತ್ರ ನಡೆಯುತ್ತದೆ. 1 ಗಿಗಾಬಿಟ್ ಲಿಂಕಿನ ಒಂದು ತುದಿಯಲ್ಲಿ ಆಟೋ ಆನ್, ಇನ್ನೊಂದು ತುದಿಯಲ್ಲಿ ಆಫ್ ಇದ್ದರೆ, ಆಫ್ ಇರುವ ಕಡೆ ಹಸಿರು ದೀಪ ಉರಿಯಬಹುದು, ಆನ್ ಇರುವ ಕಡೆ ಕತ್ತಲೆ. ದೀಪ ಉರಿಯುವ ಕಡೆಯವರು "ನಮ್ಮದು ಸರಿ ಇದೆ" ಎನ್ನುತ್ತಾರೆ, ಆಚೆ ಕಡೆಯವರು "ಕೇಬಲ್ ಕಟ್ ಆಗಿದೆ" ಎನ್ನುತ್ತಾರೆ. ಕೇಬಲ್ ಪೂರ್ತಿ ಚೆನ್ನಾಗಿರುತ್ತದೆ!

ಕಾಂಬೋ ಪೋರ್ಟ್: ಕೆಲವು ಸ್ವಿಚ್‌ಗಳಲ್ಲಿ ಒಂದು ತಾಮ್ರದ ಕಿಂಡಿ ಮತ್ತು ಒಂದು ಫೈಬರ್ ಕಿಂಡಿಗೆ ಒಂದೇ ನಂಬರ್ ಇರುತ್ತದೆ. ಅದು ಎರಡು ಬಾಗಿಲಿನ ಒಂದೇ ಕೋಣೆ. ಒಂದು ಬಳಸಿದರೆ ಇನ್ನೊಂದು ಮುಚ್ಚಿರುತ್ತದೆ. ಎರಡಕ್ಕೂ ವೈರ್ ಹಾಕಿ ಎರಡೂ ನಡೆಯಲಿ ಎಂದರೆ ಆಗದು.

ವಿಲ್ಯಾನ್: ಒಂದೇ ಫೈಬರಿನಲ್ಲಿ ಪಂಚಾಯಿತಿ ಕಚೇರಿ, ಶಾಲೆ, ಆರೋಗ್ಯ ಕೇಂದ್ರ ಮೂವರ ಮಾಹಿತಿಯೂ ಬೆರೆಯದೆ ಹೋಗಬೇಕು. ಅದಕ್ಕೆ ಪ್ರತಿಯೊಂದಕ್ಕೂ 1ರಿಂದ 4094ರ ನಡುವಿನ ಒಂದು ನಂಬರಿನ ಚೀಟಿ ಅಂಟಿಸುತ್ತಾರೆ. ಈ ಚೀಟಿಗಳನ್ನೆಲ್ಲ ಹೊತ್ತೊಯ್ಯುವ ಪೋರ್ಟಿಗೆ ಟ್ರಂಕ್ ಎನ್ನುತ್ತಾರೆ, ಒಂದೇ ಚೀಟಿಯವರಿಗೆ ಬಾಗಿಲು ತೆರೆಯುವ ಪೋರ್ಟಿಗೆ ಆ್ಯಕ್ಸೆಸ್. ಈ ತುದಿಯಲ್ಲಿ 20ನೇ ನಂಬರಿಗೆ ಅನುಮತಿ ಇದ್ದು, ಆ ತುದಿಯಲ್ಲಿ ಅದನ್ನು ಸೇರಿಸಲು ಮರೆತಿದ್ದರೆ ಶಾಲೆಗೆ ನೆಟ್ ಇಲ್ಲ, ಕಚೇರಿಗೆ ಇದೆ. ಎರಡೂ ಕಡೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ದೀಪಕ್ಕೆ ಬೆಳಕು ಬಂತೇ ಎಂಬುದು ಮಾತ್ರ ಗೊತ್ತು. ಚೀಟಿಯ ವಿಷಯ ಗೊತ್ತಿಲ್ಲ.

ಸುತ್ತು: ಉಂಗುರದಂತೆ ಜೋಡಿಸಿದ ಸ್ವಿಚ್‌ಗಳಲ್ಲಿ ಸುತ್ತು ತಡೆಯುವ ವ್ಯವಸ್ಥೆ ಚಾಲೂ ಇರಬೇಕು. ಇಲ್ಲದಿದ್ದರೆ ಎಲ್ಲರಿಗೂ ಎಂದು ಕಳಿಸಿದ ಒಂದು ಸಂದೇಶ ಗಾಣದೆತ್ತಿನಂತೆ ಸುತ್ತುತ್ತಲೇ, ಮರಿ ಹಾಕುತ್ತಲೇ ಹೋಗಿ ಕ್ಷಣದಲ್ಲಿ ಇಡೀ ಜಾಲ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ರೇಡಿಯಾ ಪರ್ಲ್‌ಮನ್ ಎಂಬ ಎಂಜಿನಿಯರ್ 1985ರಲ್ಲಿ ರೂಪಿಸಿದರು. ಅದು ಉಂಗುರದ ಒಂದು ಪೋರ್ಟನ್ನು ಬೇಕೆಂದೇ ಮುಚ್ಚಿಡುತ್ತದೆ. ಆ ಪೋರ್ಟಿನಲ್ಲಿ ದೀಪದ ಬಣ್ಣ ಬೇರೆ ಕಂಡರೆ ಕೆಟ್ಟಿದೆ ಎಂದು ಗಾಬರಿ ಬೇಡ. ಅದು ಸರದಿಗಾಗಿ ಕಾಯುತ್ತಿರುತ್ತದೆ.

ಸೇವ್: ಅನೇಕ ಸ್ವಿಚ್‌ಗಳಲ್ಲಿ ಬದಲಿಸಿದ ಸೆಟಿಂಗ್ ತಕ್ಷಣ ಜಾರಿಗೆ ಬರುತ್ತದೆ, ಆದರೆ ಸೇವ್ ಮಾಡದೆ ಉಳಿಯುವುದಿಲ್ಲ. ಟೆಕ್ನಿಷಿಯನ್ ಬಂದು ಸರಿ ಮಾಡಿ ಹೋದರು, ವಾರದ ತನಕ ನಡೆಯಿತು, ಕರೆಂಟ್ ಹೋಗಿ ಬಂದ ಮೇಲೆ ನಿಂತಿತು ಎಂದರೆ ಮೊದಲ ಅನುಮಾನ ಇದರ ಮೇಲಿರಲಿ. ಸ್ವಿಚ್ ಕೆಟ್ಟಿಲ್ಲ, ಮರೆತಿದೆ ಅಷ್ಟೆ.

ಬೆಳಕು ಬಂದರೆ ಸಾಲದು, ಎಷ್ಟು ಬಂತು ಎಂಬುದೂ ಮುಖ್ಯ

ಹೆಚ್ಚಿನ ಮಾಡ್ಯೂಲ್‌ಗಳು ತಮಗೆ ಬಂದ ಬೆಳಕನ್ನು ತಾವೇ ಅಳೆದು ಸ್ವಿಚ್‌ಗೆ ಹೇಳುತ್ತವೆ. ಆ ಅಂಕಿಯ ಮಾನ ಡಿಬಿಎಂ. 0 ಎಂದರೆ ಒಂದು ಮಿಲಿವಾಟ್. ಮೈನಸ್ 10 ಎಂದರೆ ಅದರ ಹತ್ತರಲ್ಲೊಂದು, ಮೈನಸ್ 20 ಎಂದರೆ ನೂರರಲ್ಲೊಂದು. ಪ್ರತಿ 3 ಡೆಸಿಬಲ್ ಇಳಿದಾಗ ಬೆಳಕು ಸುಮಾರು ಅರ್ಧವಾಗುತ್ತದೆ. ಮೈನಸ್ 40ರ ಹತ್ತಿರ ತೋರಿಸಿದರೆ ಬೆಳಕು ಬರುತ್ತಿಲ್ಲ ಎಂದೇ ತಿಳಿಯಿರಿ.

ಒಂದು ಲೆಕ್ಕ ನೋಡೋಣ. 10 ಕಿ.ಮೀ. ದೂರಕ್ಕೆಂದು ಮಾಡಿದ, ಎಲ್‌ಆರ್ ಎಂದು ಕರೆಯುವ 10 ಗಿಗಾಬಿಟ್ ಮಾಡ್ಯೂಲ್ ಕನಿಷ್ಠ ಮೈನಸ್ 8.2 ಡಿಬಿಎಂ ಬೆಳಕು ಬಿಡಬೇಕು, ಮೈನಸ್ 14.4ರ ವರೆಗೆ ಕೇಳಿಸಿಕೊಳ್ಳಬೇಕು. ನಡುವೆ ಖರ್ಚಿಗೆ ಸಿಗುವುದು 6.2 ಡೆಸಿಬಲ್. ಎರಡು ಊರ ನಡುವೆ 8 ಕಿ.ಮೀ. ಇದೆ ಎನ್ನಿ. ಕಿ.ಮೀ.ಗೆ 0.35ರಂತೆ ಎಳೆಯಲ್ಲೇ 2.8 ಹೋಯಿತು. ಎರಡು ಪಿನ್‌ಗಳಿಗೆ 1, ನಾಲ್ಕು ಬೆಸುಗೆಗೆ 0.4. ಒಟ್ಟು 4.2 ಖರ್ಚು. ಕೈಯಲ್ಲಿ ಉಳಿದದ್ದು 2 ಡೆಸಿಬಲ್.

ಈ ಉಳಿತಾಯವನ್ನು ನುಂಗಲು ಒಂದು ಕಣ ಧೂಳು ಸಾಕು. ಬೆಳಕಿನ ದಾರಿ 9 ಮೈಕ್ರಾನ್ ಎಂದೆವಲ್ಲ, ಕಣ್ಣಿಗೆ ಕಾಣದ ಧೂಳಿನ ಕಣವೂ ಅಷ್ಟೇ ದಪ್ಪ ಇರಬಹುದು. ರೈಸ್ ಮಿಲ್ಲಿನ ತೌಡು, ಗಿಣಿಗೇರಿ ಕಡೆಯ ಕಾರ್ಖಾನೆ ಧೂಳು, ಕಲ್ಲು ಕ್ವಾರಿಯ ಪುಡಿ, ಬೇಸಿಗೆಯ ಗಾಳಿಯಲ್ಲಿ ಹಾರುವ ಎರೆಮಣ್ಣು ನಮ್ಮ ಭಾಗದಲ್ಲಿ ಎಲ್ಲಿಯೂ ಉಂಟು. ಬೆರಳು ತಾಗಿದ ಜಿಡ್ಡೂ ಸಾಕು. ಬಾಯಿಂದ ಊದುವುದು, ಅಂಗಿಯ ತುದಿಯಿಂದ ಒರೆಸುವುದು ತೊಂದರೆ ಹೆಚ್ಚಿಸುತ್ತದೆ. ಉಗುಳಿನ ತೇವ, ಬಟ್ಟೆಯ ನೂಲು ಅಂಟಿಕೊಳ್ಳುತ್ತವೆ. ಇದಕ್ಕೆಂದೇ ಪೆನ್ನಿನಂತಹ ಕ್ಲೀನರ್ ಸಿಗುತ್ತದೆ. ಬಳಸದ ಕಿಂಡಿಗೆ, ಬಿಚ್ಚಿದ ಪಿನ್ನಿಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಮುಚ್ಚಳ ಹಾಕಿಡುವುದು ಎಲ್ಲಕ್ಕಿಂತ ಅಗ್ಗದ ಔಷಧ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಮಾಮೂಲಿ ಮಾಡ್ಯೂಲಿನ ಮೈಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಹೊರಗೆ 40 ಡಿಗ್ರಿ ಇರುವ ದಿನ, ಗಾಳಿಯಾಡದ ತಗಡಿನ ಡಬ್ಬಿಯೊಳಗೆ ಸ್ವಿಚ್ ಇಟ್ಟರೆ ಆ ಮಿತಿ ದೂರವಿಲ್ಲ. ಮಧ್ಯಾಹ್ನ ಹೋಗಿ ಸಂಜೆ ತಾನಾಗಿ ಬರುವ ನೆಟ್‌ನ ಹಿಂದೆ ಬಿಸಿಯ ಪಾಲೂ ಇರಬಹುದು. 85 ಡಿಗ್ರಿ ತಡೆಯುವ ಮಾಡ್ಯೂಲ್‌ಗಳೂ ಬರುತ್ತವೆ.

ಕೆಲವು ನಂಬಿಕೆಗಳು, ನಿಜ ಸಂಗತಿಗಳು

ನಂಬಿಕೆ: ಫೈಬರಿನಲ್ಲಿ ಬೆಳಕು ಇದೆಯೋ ಇಲ್ಲವೋ ಎಂದು ಮೊಬೈಲ್ ಕ್ಯಾಮೆರಾದಲ್ಲಿ ನೋಡಬಹುದು.
ನಿಜ: 850 ನ್ಯಾನೋಮೀಟರ್ ಬೆಳಕು ಕೆಲವು ಫೋನ್‌ಗಳಲ್ಲಿ ಮಸುಕಾಗಿ ಕಾಣಬಹುದು. ಆದರೆ ಫೋನ್ ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್ ಆಚೆಗೆ ಕುರುಡು. ಊರಿಂದೂರಿಗೆ ಹೋಗುವ 1310, 1550ರ ಬೆಳಕು ಅದಕ್ಕೆ ಕಾಣುವುದೇ ಇಲ್ಲ. ಕ್ಯಾಮೆರಾದಲ್ಲಿ ಕತ್ತಲೆ ಕಂಡಿತೆಂದು "ಲೈನ್ ಸತ್ತಿದೆ" ಎನ್ನುವುದು ತಪ್ಪು. ಅದಕ್ಕಿಂತ ಅಪಾಯದ ತಪ್ಪು, ಬೆಳಕಿಲ್ಲ ಎಂದುಕೊಂಡು ತುದಿಯನ್ನು ಕಣ್ಣಿನ ಹತ್ತಿರ ಹಿಡಿಯುವುದು. ಈ ಬೆಳಕು ನಮ್ಮ ಕಣ್ಣಿಗೂ ಕಾಣದು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ಸಣ್ಣ ಮಾಡ್ಯೂಲ್‌ಗಳ ಶಕ್ತಿ ಕಡಿಮೆ ಇದ್ದರೂ, ಎಳೆಯ ಆಚೆ ತುದಿಯಲ್ಲಿ ಯಾವ ಯಂತ್ರ ಇದೆ ಎಂದು ನೋಡಿದವರಿಗೆ ತಿಳಿಯದು. ತುಂಡಾದ ಎಳೆಯನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಗಾಜಿನ ಚೂರು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ.

ನಂಬಿಕೆ: ಹೆಚ್ಚು ದೂರದ ಮಾಡ್ಯೂಲ್ ಹಾಕಿದರೆ ಸಿಗ್ನಲ್ ಗಟ್ಟಿ.
ನಿಜ: 80 ಕಿ.ಮೀ. ದೂರಕ್ಕೆ ಮಾಡಿದ 10 ಗಿಗಾಬಿಟ್ ಮಾಡ್ಯೂಲ್ 0ಯಿಂದ 4 ಡಿಬಿಎಂ ಬೆಳಕು ಬಿಡುತ್ತದೆ. ಅದರ ಕಣ್ಣು ತಡೆಯುವುದು ಸಾಮಾನ್ಯವಾಗಿ ಮೈನಸ್ 7ರ ವರೆಗೆ. ಒಂದೇ ಕೋಣೆಯ ಎರಡು ಸ್ವಿಚ್‌ಗಳಿಗೆ ಇದನ್ನು ನೇರ ಹಾಕಿದರೆ ಬೆಳಕು ಅತಿಯಾಗಿ ಕಣ್ಣೇ ಸುಟ್ಟುಹೋಗಬಹುದು. ಕಿವಿಯಲ್ಲಿ ಮೈಕ್ ಇಟ್ಟು ಕೂಗಿದಂತೆ ಅದು.

ನಂಬಿಕೆ: 10 ಗಿಗಾಬಿಟ್ ಮಾಡ್ಯೂಲ್ ಹಾಕಿದರೆ ನೆಟ್ 10 ಪಟ್ಟು ವೇಗ.
ನಿಜ: 1 ಮತ್ತು 10 ಗಿಗಾಬಿಟ್ ಮಾಡ್ಯೂಲ್‌ಗಳ ಗಾತ್ರ ಒಂದೇ. ಆದರೆ 1 ಗಿಗಾಬಿಟ್ ಕಿಂಡಿಯಲ್ಲಿ 10ರ ಮಾಡ್ಯೂಲ್ ಸಾಮಾನ್ಯವಾಗಿ ಕೆಲಸವನ್ನೇ ಮಾಡುವುದಿಲ್ಲ. 10ರ ಕಿಂಡಿಯಲ್ಲಿ 1ರದ್ದು ಅನೇಕ ಸ್ವಿಚ್‌ಗಳಲ್ಲಿ ನಡೆಯುತ್ತದೆ, ಆದರೆ ಕೆಲವಲ್ಲಿ ವೇಗವನ್ನು ಕೈಯಾರೆ 1ಕ್ಕೆ ಇಳಿಸಬೇಕು. ಇನ್ನು ಇಂಟರ್‌ನೆಟ್ ಕಂಪನಿಯಿಂದ ಬರುವುದೇ 100 ಮೆಗಾಬಿಟ್ ಆದರೆ, ಒಳಗಿನ ಪೋರ್ಟ್ ಎಷ್ಟೇ ದೊಡ್ಡದಿದ್ದರೂ ಬರುವುದು ಅಷ್ಟೇ.

ನಂಬಿಕೆ: ಮನೆಗೆ ಬಂದ ಫೈಬರನ್ನು ನೇರ ಸ್ವಿಚ್‌ಗೆ ಹಾಕಬಹುದು.
ನಿಜ: ಮನೆ, ಅಂಗಡಿಗಳಿಗೆ ಬರುವ ಫೈಬರ್ ಹೆಚ್ಚಾಗಿ ಜಿಪಾನ್ ಎಂಬ ಬೇರೆ ಪದ್ಧತಿಯದು. ಅದರಲ್ಲಿ ಒಂದೇ ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ, ಯಾರು ಯಾವ ಕ್ಷಣ ಮಾತಾಡಬೇಕು ಎಂದು ಕೇಂದ್ರದ ಯಂತ್ರ ಸರದಿ ಕೊಡುತ್ತದೆ. ಸ್ವಿಚ್‌ನ ಮಾಮೂಲಿ ಈಥರ್ನೆಟ್ ಮಾಡ್ಯೂಲಿಗೆ ಆ ಭಾಷೆ ಬಾರದು. ಕಂಪನಿ ಕೊಡುವ ಡಬ್ಬಿ ನಡುವೆ ಬೇಕೇ ಬೇಕು. ಆ ಡಬ್ಬಿಯಲ್ಲಿ ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ ಎಂದರ್ಥ; ಡಬ್ಬಿಯನ್ನು ಹತ್ತು ಸಲ ಆಫ್–ಆನ್ ಮಾಡಿದರೂ ತುಂಡಾದ ಎಳೆ ಕೂಡಿಕೊಳ್ಳದು.

ನಂಬಿಕೆ: ಫೈಬರ್ ಸಿಡಿಲನ್ನು ಎಳೆದು ತರುತ್ತದೆ.
ನಿಜ: ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಇಲಿ ಕಡಿಯದಂತೆ ಉಕ್ಕಿನ ಕವಚ ಹಾಕಿದ ಕೇಬಲ್‌ಗಳಿವೆ. ಆ ಉಕ್ಕಿಗೆ ಸರಿಯಾದ ಅರ್ಥಿಂಗ್ ಇರಬೇಕು. ಜೊತೆಗೆ ಸ್ವಿಚ್‌ಗೆ ಕರೆಂಟ್ ಕೊಡುವ ಅಡಾಪ್ಟರ್ ಮೂಲಕ ಸಿಡಿಲಿನ ಹೊಡೆತ ಬರಬಹುದು. ಗುಡುಗು ಮಳೆಯಲ್ಲಿ ಸ್ವಿಚ್ ಸುಟ್ಟರೆ ತಪ್ಪು ಗಾಜಿನದಲ್ಲ.

ನಂಬಿಕೆ: ಫೈಬರ್ ಕೇಬಲ್ ಕದ್ದರೆ ತಾಮ್ರ ಸಿಗುತ್ತದೆ.
ನಿಜ: ಬೆಳಕು ಹೋಗುವ ಎಳೆ ಗಾಜು, ಸುತ್ತಲೂ ಪ್ಲಾಸ್ಟಿಕ್ ಮತ್ತು ಬಲಕ್ಕೆಂದು ಹಾಕಿದ ನಾರು. ಗುಜರಿಯಲ್ಲಿ ಆ ಗಾಜಿಗೆ ಬೆಲೆ ಇಲ್ಲ. ಕತ್ತರಿಸಿದವರಿಗೆ ಸಿಗುವುದು ಏನೂ ಇಲ್ಲ, ಕಳೆದುಕೊಳ್ಳುವುದು ಊರಿನ ಶಾಲೆ, ಆಸ್ಪತ್ರೆ, ಪಡಿತರ ಅಂಗಡಿ.

"ನಾಳಿಗೆ ಬರ್ರಿ" ಎನ್ನುವ ಮುನ್ನ

ಸೆಟಿಂಗ್ ಬದಲಿಸುವುದು ತಿಳಿದವರ ಕೆಲಸ. ಆದರೆ ತೊಂದರೆ ಎಲ್ಲಿದೆ ಎಂದು ಕೇಳಲು ಎಂಜಿನಿಯರ್ ಆಗಬೇಕಿಲ್ಲ. ಮಿಲ್ಲಿನ ಮಾಲೀಕರೇ ಇರಲಿ, ಶಾಲೆಯ ಗುರುಗಳೇ ಇರಲಿ, ಪಂಚಾಯಿತಿ ಸದಸ್ಯರೇ ಇರಲಿ, ದುರಸ್ತಿಗೆ ಬಂದವರಿಗೆ ಈ ಪ್ರಶ್ನೆಗಳನ್ನು ಕೇಳಬಹುದು.

1. ದೀಪ ಎರಡೂ ತುದಿಯಲ್ಲಿ ಉರಿಯುತ್ತಿದೆಯೇ? ಆಚೆ ತುದಿಗೆ ಫೋನ್ ಮಾಡಿ ಕೇಳಿದಿರಾ?
2. ಬರುತ್ತಿರುವ ಬೆಳಕು ಎಷ್ಟು ಡಿಬಿಎಂ? ಮಾಡ್ಯೂಲಿನ ಮಿತಿ ಎಷ್ಟು?
3. ಪಿನ್ ಕ್ಲೀನ್ ಮಾಡಿ ನೋಡಿದಿರಾ?
4. ಎರಡೂ ಕಡೆಯ ಮಾಡ್ಯೂಲ್ ಒಂದಕ್ಕೊಂದು ಹೊಂದುತ್ತವೆಯೇ? ವೇಗ, ಆಟೋ ಎರಡೂ ಕಡೆ ಒಂದೇ ಇದೆಯೇ?
5. ವಿಲ್ಯಾನ್ ನಂಬರ್‌ಗಳು ಎರಡೂ ಕಡೆ ಸರಿ ಇವೆಯೇ?
6. ಸೆಟಿಂಗ್ ಸೇವ್ ಮಾಡಿದಿರಾ?

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಸ್ವಿಚ್ ಇರುವ ಡಬ್ಬಿಯ ಬಾಗಿಲಿಗೆ ಒಳಗಿನಿಂದ ಅಂಟಿಸಿಡಿ. ಲಿಂಕ್ ಚೆನ್ನಾಗಿದ್ದ ದಿನ ಬೆಳಕು ಮೈನಸ್ 9 ಇತ್ತು, ಈಗ ಮೈನಸ್ 15 ಆಗಿದೆ ಎಂದು ತಿಳಿದರೆ ಅರ್ಧ ದುರಸ್ತಿ ಮುಗಿದಂತೆ: ತೊಂದರೆ ಸೆಟಿಂಗ್‌ನದಲ್ಲ, ದಾರಿಯದು. ಬೆಳಕು ಮೈನಸ್ 9ರಲ್ಲೇ ಇದ್ದು ನೆಟ್ ಇಲ್ಲ ಎಂದರೆ ಗುದ್ದಲಿ ಹಿಡಿಯುವ ಮುನ್ನ ಸೆಟಿಂಗ್ ನೋಡಿ. ಪಾಸ್‌ವರ್ಡನ್ನು ಮಾತ್ರ ಆ ಹಾಳೆಯಲ್ಲಿ ಬರೆಯಬೇಡಿ.

ಒಟ್ಟಿನಲ್ಲಿ ಹಸಿರು ದೀಪ ಹೇಳುವುದು ಇಷ್ಟೇ: "ನನಗೆ ಆಚೆಯಿಂದ ಬೆಳಕು ಕಾಣುತ್ತಿದೆ." ಬೆಳಕಿನಲ್ಲಿ ಬಂದ ಮಾತು ಅರ್ಥವಾಯಿತೇ, ಸರಿಯಾದ ಮನೆಗೆ ಮುಟ್ಟಿತೇ, ನಾಳೆ ಕರೆಂಟ್ ಹೋಗಿ ಬಂದರೂ ನೆನಪಿರುತ್ತದೆಯೇ ಎಂಬುದನ್ನು ಮನುಷ್ಯರೇ ನೋಡಬೇಕು. ಮುಂದಿನ ಸಲ "ಸರ್ವರ್ ಡೌನ್" ಎಂದಾಗ ಜಗಳಕ್ಕೆ ನಿಲ್ಲಬೇಡಿ. "ಲೈಟ್ ಎಷ್ಟು ಬರಾಕತ್ತೈತ್ರಿ?" ಎಂದು ಮೆಲ್ಲಗೆ ಕೇಳಿ. ನಿಮ್ಮೂರಿನ ಗ್ರೂಪಿನಲ್ಲಿ ಈ ಬರಹ ಹಂಚಿಕೊಂಡರೆ, ಆ ಪ್ರಶ್ನೆ ಕೇಳುವವರು ಇನ್ನೂ ನಾಲ್ಕು ಜನ ಆಗುತ್ತಾರೆ.